ವಾಹನ ಪ್ರಶ್ನೋತ್ತರ: ಕ್ರೂಸ್ ಕಂಟ್ರೋಲ್ ಬಳಸುವಾಗ

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಈಚೆಗೆ ಕೊಂಡ ಕಾರಿನಲ್ಲಿ, ಆಕ್ಸಿಲರೇಟರ್ ಒತ್ತದೆಯೇ ಹೊಂದಿಸಿದ ವೇಗವನ್ನು ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇದೆ. ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಹೋಗಿಬರುವ ನನಗೆ, ಮೊಣಕಾಲು ನೋವಿರುವುದರಿಂದ, ಅದು ಬಹಳ ಅನುಕೂಲವಾಗಿದೆ. ಆದರೆ ಕಳೆದ ಬಾರಿ ಹೆದ್ದಾರಿಯಿಂದ ಸರ್ವೀಸ್ ರಸ್ತೆಗೆ ಇಳಿದ ಮೇಲೆ ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಂಡಿತು. ಗಾಬರಿಯಿಂದ ಬ್ರೇಕ್ ಒತ್ತಿ ನಿಲ್ಲಿಸಿದೆ. ಇದು ಕಾರಿನ ದೋಷವೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ, ದೋಷಕ್ಕಿಂತ, ಮೊದಲು ಹೊಂದಿಸಿದ್ದ ವೇಗಕ್ಕೆ ಮರಳಿಸುವ ‘ರೆಸ್ಯೂಮ್’ ಗುಂಡಿಗೆ ಬೆರಳು ತಾಗಿರುವ ಸಾಧ್ಯತೆಯೇ ಹೆಚ್ಚು. ಬ್ರೇಕನ್ನೋ ಕ್ಲಚ್ಚನ್ನೋ ಒತ್ತಿದೊಡನೆ ಕ್ರೂಸ್ ಕಂಟ್ರೋಲ್ ತನ್ನ ಹಿಡಿತವನ್ನು ಬಿಡುತ್ತದೆ. ಆದರೆ ನೀವು ಹೊಂದಿಸಿದ್ದ ವೇಗ ಅದರ ನೆನಪಿನಲ್ಲಿ ಹಾಗೆಯೇ ಉಳಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ.ಗೆ ಹೊಂದಿಸಿಕೊಂಡು ಬಂದವರು ಸರ್ವೀಸ್ ರಸ್ತೆಯಲ್ಲಿ 40ರಲ್ಲಿ ಸಾಗುತ್ತಿರುವಾಗ ಆ ಗುಂಡಿ ಒತ್ತಿಹೋದರೆ, ಎದುರಿಗೆ ಶಾಲೆಯ ಮಕ್ಕಳಿರಲಿ, ಎಮ್ಮೆಗಳ ಹಿಂಡಿರಲಿ, ಕಾರು ಮತ್ತೆ 90ರ ಕಡೆಗೇ ಹೊರಡುತ್ತದೆ. ಎಷ್ಟೋ ಕಾರುಗಳಲ್ಲಿ ವೇಗ ಹೆಚ್ಚಿಸುವ ಗುಂಡಿಯೂ ರೆಸ್ಯೂಮ್ ಗುಂಡಿಯೂ ಒಂದೇ ಆಗಿದ್ದು, ಸ್ಟೀರಿಂಗ್ ಮೇಲೆ ಹೆಬ್ಬೆರಳು ಇರುವ ಜಾಗದಲ್ಲಿಯೇ ಇರುತ್ತದೆ. ಆದ್ದರಿಂದ ಹೆದ್ದಾರಿಯನ್ನು ಬಿಡುವಾಗ ‘ಕ್ಯಾನ್ಸಲ್’ ಒತ್ತಿ ಸುಮ್ಮನಾಗದೆ, ಕ್ರೂಸ್ ಕಂಟ್ರೋಲ್‌ನ ಮುಖ್ಯ ಸ್ವಿಚ್ಚನ್ನೇ ಆರಿಸಿಬಿಡಿ. ಹೆಚ್ಚಿನ ಕಾರುಗಳಲ್ಲಿ ಹೊಂದಿಸಿದ ವೇಗ ಅಳಿಸಿಹೋಗುವುದು ಹಾಗೆ ಮಾಡಿದಾಗಲೇ. ಯಾವ ಗುಂಡಿಯನ್ನೂ ಮುಟ್ಟದೆ ಮತ್ತೊಮ್ಮೆ ಹೀಗಾದರೆ ಮಾತ್ರ ಅದನ್ನು ದೋಷವೆಂದೇ ತಿಳಿದು, ಪರೀಕ್ಷೆ ಮಾಡಿಸುವವರೆಗೆ ಬಳಕೆಯನ್ನು ಪೂರ್ತಿ ನಿಲ್ಲಿಸಿ.

ನಿಮ್ಮ ಮೊಣಕಾಲಿನ ವಿಷಯವನ್ನೂ ಹೇಳಬೇಕು. ನೋವಿದೆಯೆಂದು ಬಲಗಾಲನ್ನು ಹಿಂದಕ್ಕೆ ಮಡಚಿಕೊಂಡೋ ಸೀಟಿನ ಮೇಲೆ ಎತ್ತಿಕೊಂಡೋ ಕೂರುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಕಾಲನ್ನು ತಂದು ಪೆಡಲ್ ಹುಡುಕುವುದರಲ್ಲಿ ಅರ್ಧ ಸೆಕೆಂಡ್ ಹೆಚ್ಚು ಹಿಡಿದರೂ, ಬ್ರೇಕ್ ತಾಗುವ ಮೊದಲೇ 14 ಮೀಟರ್ ಮುಂದೆ ಹೋಗಿರುತ್ತೀರಿ. ಹಿಮ್ಮಡಿ ನೆಲದ ಮೇಲೆ, ಪಾದ ಬ್ರೇಕ್ ಪೆಡಲ್‌ನ ನೇರಕ್ಕೆ ಇರಲಿ; ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿ ಹಿಡಿಯುವ ಶ್ರಮ ಆಗಲೂ ತಪ್ಪುತ್ತದೆ.

ನಿಮ್ಮ ದಾರಿಯಲ್ಲಿ ದಾವಣಗೆರೆಯಿಂದ ಹಿರಿಯೂರಿನವರೆಗೆ, ಹಗಲು ಹೊತ್ತು, ಒಣ ರಸ್ತೆ, ಮುಂದೆ ದೂರದವರೆಗೆ ವಾಹನಗಳಿಲ್ಲದಿರುವಾಗ ಇದನ್ನು ನಿಶ್ಚಿಂತೆಯಿಂದ ಬಳಸಬಹುದು. ಊರು ಹತ್ತಿರವಾದಾಗ, ಮೇಲ್ಸೇತುವೆಯ ಕಾಮಗಾರಿ ಕಂಡಾಗ, ಲಾರಿಗಳು ಸಾಲುಗಟ್ಟಿದಾಗ ತಡಮಾಡದೆ ಬಿಡಿಸಿಕೊಳ್ಳಿ. ಸುಗ್ಗಿಯ ದಿನಗಳಲ್ಲಿ ಸರ್ವೀಸ್ ರಸ್ತೆಯ ಮೇಲೆ ಹರಡಿದ ಜೋಳವೂ ಮೆಕ್ಕೆಜೋಳವೂ, ಎದುರು ದಿಕ್ಕಿನಿಂದಲೇ ಬರುವ ಟ್ರ್ಯಾಕ್ಟರೂ ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವಂಥವು; ಈ ಸಾಧನಕ್ಕೆ ಅವು ಗೊತ್ತಿಲ್ಲ. ಇದನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಜೊತೆಗಿದ್ದವರು ಮಾತನಾಡುತ್ತ ಕಾರು ಓಡಿಸುವಾಗ ವೇಗ ಏರುತ್ತ ಇಳಿಯುತ್ತ ಇದ್ದುದು ಅವರಿಗೆ ಹಿಂಸೆಯಾಯಿತಂತೆ; ಅದರಿಂದ ಹುಟ್ಟಿದ ಸಾಧನಕ್ಕೆ 1950ರಲ್ಲಿ ಪೇಟೆಂಟ್ ದೊರೆಯಿತು. ವೇಗವನ್ನು ಸಮವಾಗಿ ಇಡುವುದಷ್ಟೇ ಅದರ ಕೆಲಸವೆಂಬುದು ಆಗಿನಂತೆ ಈಗಲೂ ನಿಜ.

ಪ್ರಶ್ನೆ: ಮಳೆಗಾಲದಲ್ಲಿ, ಅದರಲ್ಲೂ ಶಿರಾಡಿ ಘಾಟಿಯಲ್ಲಿ ಇದನ್ನು ಬಳಸಬಹುದೇ?
– ಓದುಗರೊಬ್ಬರು, ಉಪ್ಪಿನಂಗಡಿ

ಉತ್ತರ: ಎರಡೂ ಕಡೆ ಬೇಡ. ರಸ್ತೆಯಲ್ಲಿ ನೀರು ನಿಂತಿದ್ದಾಗ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲತೊಡಗಿದರೆ, ಕಾಲಿನಿಂದ ಓಡಿಸುವವರು ಆಕ್ಸಿಲರೇಟರಿನಿಂದ ತಾವಾಗಿ ಕಾಲು ಸಡಿಲಿಸುತ್ತಾರೆ. ಕ್ರೂಸ್ ಕಂಟ್ರೋಲ್ ಮಾತ್ರ ವೇಗ ಕಾಯ್ದುಕೊಳ್ಳಲು ಎಂಜಿನ್ ಅನ್ನು ದುಡಿಸುತ್ತಲೇ ಇರಬಹುದು. ಘಾಟಿಯ ಇಳಿಜಾರಿನಲ್ಲಿ ತೊಂದರೆ ಬೇರೆ. ಸಾಮಾನ್ಯ ಕ್ರೂಸ್ ಕಂಟ್ರೋಲ್ ಎಂಜಿನ್‌ನ ಶಕ್ತಿಯನ್ನು ತಗ್ಗಿಸಬಲ್ಲದೇ ಹೊರತು ಬ್ರೇಕ್ ಹಾಕುವುದಿಲ್ಲ. ಹಾಗಾಗಿ ಹೊಂದಿಸಿದ ವೇಗವನ್ನು ಮೀರಿ ಕಾರು ಜಾರುತ್ತ ಹೋಗಬಹುದು. ಅಲ್ಲಿ ಕೆಳ ಗೇರಿನಲ್ಲಿ, ಎಂಜಿನ್‌ನ ತಡೆಯಲ್ಲಿ ಇಳಿಯುವುದೇ ಸರಿ.

ಪ್ರಶ್ನೆ: ನನ್ನ ಕಾರಿನಲ್ಲಿ ಮುಂದಿನ ವಾಹನವನ್ನು ಗುರುತಿಸಿ ತಾನೇ ವೇಗ ತಗ್ಗಿಸುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ. ಅದನ್ನು ರಾತ್ರಿಯೂ ನಂಬಬಹುದಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಚಲಿಸುತ್ತಿರುವ ವಾಹನದ ಹಿಂದೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಆತಂಕವಿರುವುದು ನಿಂತ ಲಾರಿಯ ಬಗ್ಗೆ. ಫಲಕ, ತಡೆಬೇಲಿ, ಸೇತುವೆಗಳಂಥ ನಿಂತ ವಸ್ತುಗಳಿಂದಲೂ, ಮುಂದಿನ ವಾಹನವನ್ನು ಗುರುತಿಸುವ ರೇಡಾರಿಗೆ ಪ್ರತಿಧ್ವನಿ ಬರುತ್ತಲೇ ಇರುವುದರಿಂದ, ಎಲ್ಲೆಂದರಲ್ಲಿ ಬ್ರೇಕ್ ಬೀಳದಿರಲೆಂದು ಅನೇಕ ವ್ಯವಸ್ಥೆಗಳು ಹೆಚ್ಚು ವೇಗದಲ್ಲಿ ಅಂಥವುಗಳನ್ನು ಬದಿಗಿಡುತ್ತವೆ. ಹಿಂದೀಪವಿಲ್ಲದೆ, ಪ್ರತಿಫಲಕವಿಲ್ಲದೆ, ಲೇನಿನಲ್ಲಿಯೇ ಕೆಟ್ಟು ನಿಂತ ಲಾರಿಯನ್ನೂ ಅವು ಹಾಗೆಯೇ ಬದಿಗಿಟ್ಟುಬಿಡಬಹುದು. ನಿಮ್ಮ ಮುಂದಿನ ಕಾರು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ಅಂಥ ಲಾರಿ ಎದುರಾದರೆ ನಿಮಗಿರುವ ಸಮಯ ಇನ್ನೂ ಕಡಿಮೆ. ಕಾರಿನ ಕೈಪಿಡಿಯಲ್ಲಿ ನಿಂತ ವಾಹನಗಳ ಬಗ್ಗೆ ಇರುವ ಎಚ್ಚರಿಕೆಯ ಪುಟವನ್ನು ಇಂದೇ ಓದಿ. ಅಂತರವನ್ನು ಅತಿ ಹೆಚ್ಚಿನ ಹಂತಕ್ಕೆ ಇಟ್ಟುಕೊಳ್ಳಿ. ರಾತ್ರಿ ಹೆಡ್‌ಲೈಟಿನ ಬೆಳಕು ಮುಟ್ಟುವಷ್ಟು ದೂರದಲ್ಲಿ ನಿಲ್ಲಿಸಲಾಗದ ವೇಗವನ್ನು ಎಂದೂ ಹೊಂದಿಸಬೇಡಿ. ಕಣ್ಣು ಎಳೆಯತೊಡಗಿದರೆ ಗುಂಡಿಗಳನ್ನೆಲ್ಲ ಬಿಟ್ಟು, ಮುಂದೆ ಸಿಗುವ ಪೆಟ್ರೋಲ್ ಬಂಕಿನ ಆವರಣದಲ್ಲಿ ಕಾರು ನಿಲ್ಲಿಸಿ ಮಲಗಿ.