ಬಜೆಟ್: ಫ್ರೆಂಚೋ, ಇಂಗ್ಲಿಷೋ?

'ಬಜೆಟ್' ಫ್ರೆಂಚ್ ಮೂಲದ ಪದವಾದರೆ, ಫ್ರೆಂಚ್ ನಿಘಂಟು ಅದನ್ನು ಇಂಗ್ಲಿಷಿನಿಂದ ಬಂದದ್ದು ಅಂತ ಯಾಕೆ ಹೇಳುತ್ತದೆ ಎಂದು ಕೇಳಿದ್ದೀರಿ. ಎರಡೂ ನಿಜವೇ. ಹಳೆಯ ಫ್ರೆಂಚಿನಲ್ಲಿ 'ಬೂಜೆಟ್' ಅಂದರೆ ಚಿಕ್ಕ ತೊಗಲಿನ ಚೀಲ. ಇಂಗ್ಲಿಷಿಗೆ ಬಂದಾಗಲೂ ಮೊದಲು ಅದು ಬರೀ ಚೀಲವೇ. 1733ರಲ್ಲಿ ಬ್ರಿಟನ್ನಿನ ಹಣಕಾಸು ನೋಡಿಕೊಳ್ಳುತ್ತಿದ್ದ ಮಂತ್ರಿ ರಾಬರ್ಟ್ ವಾಲ್ಪೋಲ್ ವೈನ್, ತಂಬಾಕಿನ ಮೇಲೆ ಅಬಕಾರಿ ಸುಂಕ ಹಾಕಲು ಹೊರಟರು. ಆಗ ಒಂದು ಕರಪತ್ರ ಅವರನ್ನು 'ಬಜೆಟ್', ಅಂದರೆ ಚೀಲ, ಬಿಚ್ಚಿ ಔಷಧಿ ಮಾರುವ ನಕಲಿ ವೈದ್ಯನಿಗೆ ಹೋಲಿಸಿ ಗೇಲಿ ಮಾಡಿತು. ತಮಾಷೆ ನೋಡಿ, ಗೇಲಿಗೆ ಬಳಸಿದ ಆ ಪದವೇ ಮುಂದೆ ಸರ್ಕಾರದ ಆಯವ್ಯಯಕ್ಕೆ ಗಂಭೀರ ಹೆಸರಾಗಿ ನಿಂತಿತು! ಕಂಪನಿ, ಮನೆ ಲೆಕ್ಕಕ್ಕೆ ಹಬ್ಬಿದ್ದು ಆಮೇಲೆ. ಈ ಹೊಸ ಅರ್ಥದ ಪದವನ್ನು ಫ್ರೆಂಚರು ಇಂಗ್ಲಿಷಿನಿಂದ ವಾಪಸ್ ತೆಗೆದುಕೊಂಡರು. ನಿಮ್ಮ ನಿಘಂಟು ಹೇಳುತ್ತಿರುವುದು ಈ ಎರಡನೇ ಪ್ರಯಾಣದ ವಿಷಯ, ಅಷ್ಟೇ.