60 ಅಡಿ ರಸ್ತೆಯಲ್ಲಿ ನಡೆಯುವವರಿಗೆ, ಸೈಕಲ್‌ಗೆ, ಬಸ್ಸಿಗೆ, ಕಾರಿಗೆ ಎಲ್ಲಕ್ಕೂ ಜಾಗ ಮಾಡಬಹುದೇ?

ಮಾಡಬಹುದು, ಅಗಲೀಕರಣದ ಗೋಜಿಗೆ ಹೋಗದೆಯೇ. ನಿಮ್ಮ ಬಡಾವಣೆಯ 60 ಅಡಿ ಮುಖ್ಯರಸ್ತೆಯಲ್ಲಿ ಬಸ್ ಓಡುತ್ತದೆ, ಶಾಲೆ ಇದೆ, ಸಂಜೆ ಜಾಮ್ ಆಗುತ್ತದೆ, ಎರಡೂ ಕಡೆ ಕಟ್ಟಡ ಒಡೆಯಬೇಕು ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬೆಂಗಳೂರಿನಲ್ಲಿ ರಸ್ತೆಗಳ ನಕ್ಷೆ ಬಿಡಿಸುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ನೇರ ಲೆಕ್ಕಕ್ಕೆ ಬರುತ್ತೇನೆ.

60 ಅಡಿ ಅಂದರೆ ಸುಮಾರು 18 ಮೀಟರ್. ನಮ್ಮಲ್ಲಿನ ರೂಢಿ ಏನು? ಆದಷ್ಟು ಅಗಲಕ್ಕೆ ಡಾಂಬರು ಬಳಿಯುವುದು, ಉಳಿದ ಚೂರಿನಲ್ಲಿ ಚರಂಡಿ, ಅದರ ಮೇಲೆ ಚಪ್ಪಡಿ, ಆ ಚಪ್ಪಡಿಗೆ ಫುಟ್‌ಪಾತ್ ಅಂತ ಹೆಸರು. ನೀವು ಉಲ್ಟಾ ಹೊರಡಿ, ಮನೆ ಗೇಟಿನಿಂದ ರಸ್ತೆಯ ನಡುವಿನ ಕಡೆಗೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರೋಡ್ ಕಾಂಗ್ರೆಸ್ಸಿನ ನಿಯಮದಂತೆ ಫುಟ್‌ಪಾತಿನಲ್ಲಿ ಕಂಬ, ಮರ ಏನೂ ಅಡ್ಡ ಬರದ ಕನಿಷ್ಠ 1.8 ಮೀಟರ್ ಬೇಕು. ಬಸ್ಸಿನ ಅಗಲ ಸುಮಾರು 2.6 ಮೀಟರ್, 3.25 ಮೀಟರಿನ ಲೇನ್ ಧಾರಾಳ. ಹೋಗಲೊಂದು, ಬರಲೊಂದು, ಒಟ್ಟು 6.5. ಎರಡೂ ಬದಿ ತಲಾ 2 ಮೀಟರ್ ಪಾರ್ಕಿಂಗ್, ಮರ, ಟ್ರಾನ್ಸ್‌ಫಾರ್ಮರ್, ತಳ್ಳುಗಾಡಿಗಳಿಗೆ. ಇಷ್ಟಾದ ಮೇಲೂ ಪ್ರತಿ ಬದಿಗೆ 3.75 ಮೀಟರ್ ಉಳಿಯುತ್ತದೆ!

ಅದರಲ್ಲಿ ಒಂದೂವರೆ ಮೀಟರ್ ಸೈಕಲ್ ಪಥ ಮಾಡಬಹುದು. ಆದರೆ ಅಷ್ಟು ಕಿರಿದಾದ ಪಥ ವಾರದೊಳಗೆ ಸ್ಕೂಟರ್ ಸ್ಟ್ಯಾಂಡ್ ಆಗುತ್ತದೆ. ನನ್ನ ಕೇಳಿದರೆ, ನಿಮ್ಮಂಥ ರಸ್ತೆಯಲ್ಲಿ ಆ ಜಾಗವನ್ನೂ ಫುಟ್‌ಪಾತಿಗೇ ಕೊಟ್ಟು, ವಾಹನಗಳ ವೇಗವನ್ನು 30 ಕಿ.ಮೀ.ಗೆ ಇಳಿಸಿ ಸೈಕಲ್‌ಗಳನ್ನು ಲೇನಿನಲ್ಲೇ ಬಿಡುವುದು ವಾಸಿ. ಬೋರ್ಡು ನೆಟ್ಟರೆ ವೇಗ ಇಳಿಯುವುದಿಲ್ಲ ಬಿಡಿ. ಲೇನ್ ಕಿರಿದಾಗಬೇಕು, ಅಡ್ಡರಸ್ತೆಯ ತಿರುವು ಬಿಗಿಯಾಗಬೇಕು, ಶಾಲೆಯ ಮುಂದಿನ ದಾಟುವ ಜಾಗ ಫುಟ್‌ಪಾತಿನ ಮಟ್ಟಕ್ಕೇ ಏರಬೇಕು. 100 ಅಡಿ ರಸ್ತೆಯಾದರೆ ಮಾತು ಬೇರೆ, ಅಲ್ಲಿ ಕರ್ಬ್ ಕಲ್ಲಿನ (ಡಾಂಬರಿನ ಅಂಚಿಗೆ ಎತ್ತರಿಸಿ ಹಾಕುವ ಕಲ್ಲು) ಆಚೆಗೆ ಪ್ರತ್ಯೇಕ ಪಥ ಬೇಕೇ ಬೇಕು.

"ಲೇನ್ ಕಿರಿದು ಮಾಡಿದರೆ ಜಾಮ್ ಜಾಸ್ತಿಯಾಗಲ್ವಾ?" ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳನ್ನು ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸದ ಯೋಜನೆಯಲ್ಲಿ ಮಾಡುವಾಗಲೂ ಇದೇ ತಕರಾರು ಇತ್ತು. ರಸ್ತೆ ಎಷ್ಟು ಗಾಡಿ ಸಾಗಿಸುತ್ತದೆ ಅನ್ನುವುದು ಅದರ ಅತಿ ಕಿರಿದಾದ ಜಾಗದ ಮೇಲೆ ನಿಂತಿದೆ. ಇಲ್ಲಿ ನಾಲ್ಕು ಲೇನ್, ಮುಂದೆ ಎರಡು ಲೇನ್ ಇದ್ದರೆ, ನಾಲ್ಕರಲ್ಲಿ ನುಗ್ಗಿದವರೆಲ್ಲ ಎರಡರ ಬಾಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ ಯೋಜನೆಯ ಜಾಣತನ ಅಂದರೆ ಲೇನಿನ ಅಗಲ ಉದ್ದಕ್ಕೂ ಒಂದೇ ಸಮ ಇಟ್ಟದ್ದು, ಜೊತೆಗೆ ಕೇಬಲ್‌ಗಳಿಗೆ ನೆಲದಡಿ ಡಕ್ಟ್ (ಕೊಳವೆ ದಾರಿ) ಕೊಟ್ಟದ್ದು.

ಬಸ್ ನಿಲ್ದಾಣಕ್ಕೆ ಫುಟ್‌ಪಾತ್ ಕೊರೆದು ಬಸ್ ಬೇ ಮಾಡಲು ಬಿಡಬೇಡಿ. ಬೇ ಒಳಗೆ ಆಟೋಗಳು ನಿಲ್ಲುತ್ತವೆ, ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಜನ ಆಟೋಗಳ ಸಂದಿಯಲ್ಲಿ ನುಸುಳಿ ಹತ್ತುತ್ತಾರೆ. ಬದಲಿಗೆ ಪಾರ್ಕಿಂಗ್ ಪಟ್ಟಿಯ ಜಾಗದಲ್ಲಿ ಫುಟ್‌ಪಾತನ್ನೇ ಲೇನಿನವರೆಗೆ ಚಾಚಿ. ಬಸ್ಸು ಇದ್ದಲ್ಲೇ ನಿಲ್ಲುತ್ತದೆ. ಹಿಂದಿನ ಕಾರು ಅರ್ಧ ನಿಮಿಷ ಕಾಯಲಿ.

ಇನ್ನು ಗೇಟುಗಳು. ಪ್ರತಿ ಮನೆ ಮುಂದೆ ಇಳಿದು ಹತ್ತುವ ಫುಟ್‌ಪಾತ್ ಮೇಲೆ ವಯಸ್ಸಾದವರು ನಡೆಯುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. ಕರ್ಬ್ ಎತ್ತರ 15 ಸೆಂ.ಮೀ. ದಾಟದಿದ್ದರೆ, ಅಂಚಿನಲ್ಲಿ ಸಣ್ಣ ಇಳಿಜಾರು ಕೊಟ್ಟರೆ ಸಾಕು. ಕಾರು ಹತ್ತಿಕೊಂಡು ಬರುತ್ತದೆ, ಫುಟ್‌ಪಾತ್ ಮಟ್ಟಸವಾಗಿಯೇ ಉಳಿಯುತ್ತದೆ. ಗಾಡಿ ಹತ್ತದಂತೆ ಫುಟ್‌ಪಾತಿನಲ್ಲಿ ನೆಡುವ ಗಿಡ್ಡ ಕಂಬ, ಅಂದರೆ ಬೊಲ್ಲಾರ್ಡ್ ಮೇಲೆ ಮಾತ್ರ ತುಂಬಾ ನಂಬಿಕೆ ಇಡಬೇಡಿ. ಗಾಲಿಕುರ್ಚಿ ನುಗ್ಗುವಷ್ಟು ಸಂದು ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ, ಅದನ್ನು ತಡೆಯಲು ಪೊಲೀಸರೇ ಬೇಕು.

ಕೊನೆಗೆ ಸಮಯದ ವಿಷಯ. ವೈಟ್ ಟಾಪಿಂಗೋ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಕುವುದು) ನೀರಿನ ಪೈಪ್‌ಲೈನೋ ಬರುತ್ತಿದೆ ಅಂತ ಗೊತ್ತಾದ ಕೂಡಲೇ ವಾರ್ಡ್ ಎಂಜಿನಿಯರ್ ಹತ್ತಿರ ರಸ್ತೆಯ ಅಡ್ಡಛೇದದ ನಕ್ಷೆ ಕೇಳಿ, ಎಲ್ಲಿ ಎಷ್ಟು ಮೀಟರ್ ಅಂತ ನೋಡಿ, ಲಿಖಿತವಾಗಿ ಆಕ್ಷೇಪಣೆ ಕೊಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಇದೆ: ಸುರಕ್ಷತೆಯ ಮಾನದಂಡ ಪಾಲಿಸದ್ದರಿಂದ ಸಾವು, ಅಂಗವೈಕಲ್ಯ ಆದರೆ ರಸ್ತೆ ಮಾಡಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಪತ್ರದಲ್ಲಿ ಅದನ್ನೂ ಒಂದು ಸಾಲು ಸೇರಿಸಿ. ಟೆಂಡರ್ ಆದ ಮೇಲೆ ಹೋದಿರೋ, "ಎಸ್ಟಿಮೇಟ್‌ನಲ್ಲಿ ಇಲ್ಲ ಸಾರ್" ಅನ್ನುತ್ತಾರೆ.