ಸ್ಪ್ಯಾಮ್ ಎಂದು ವರದಿ ಮಾಡದೆಯೇ ಇಮೇಲ್‌ನ ಪೂರ್ಣ ಹೆಡರ್ ನೋಡಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಗ್ರಹಿಸಿರುವುದು ಹೀಗೆ: ನೀವು ಬಹಳ ಕಾಲದಿಂದ ಸರಕು ತರಿಸಿಕೊಳ್ಳುತ್ತಿರುವ ವ್ಯಾಪಾರಿಯ ಹೆಸರಿನಲ್ಲಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣವನ್ನು ಹೊಸ ಖಾತೆಗೆ ಹಾಕಿ" ಎಂಬ ಮೇಲ್ ಜಿಮೇಲ್‌ಗೆ ಬಂದಿದೆ. ಅದು ನಿಜವೋ ಮೋಸವೋ ತಿಳಿಯಲು ಪೂರ್ಣ ಹೆಡರ್, ಅಂದರೆ ಮೇಲ್ ಯಾರಿಂದ, ಯಾವ ದಾರಿಯಲ್ಲಿ ಬಂತೆಂಬ ವಿವರಗಳ ಪಟ್ಟಿಯನ್ನು, ನೋಡಬೇಕೆಂದು ಯಾರೋ ಹೇಳಿದ್ದಾರೆ. ಆದರೆ ಸ್ಪ್ಯಾಮ್ ಗುಂಡಿ ಒತ್ತಿದರೆ, ಒಂದು ವೇಳೆ ಮೇಲ್ ನಿಜವಾಗಿದ್ದಲ್ಲಿ, ಅವರ ಮುಂದಿನ ಬಿಲ್ಲುಗಳೂ ಸ್ಪ್ಯಾಮ್ ಪಾಲಾಗಬಹುದೆಂಬ ಅಳುಕು ನಿಮ್ಮದು. ಜೊತೆಗೆ, ಹೆಡರ್ ತೆರೆದದ್ದು ಕಳಿಸಿದವರಿಗೆ ಗೊತ್ತಾಗುತ್ತದೆಯೇ ಎಂದೂ ಕೇಳಿದ್ದೀರಿ.

ಖಂಡಿತ ನೋಡಬಹುದು, ನೋಡಿದ್ದು ಕಳಿಸಿದವರಿಗೆ ತಿಳಿಯುವುದಿಲ್ಲ. ಹೆಡರ್ ಎಂಬುದು ಎಲ್ಲಿಂದಲೋ ಕೇಳಿ ತರಿಸಿಕೊಳ್ಳಬೇಕಾದ ಮಾಹಿತಿಯಲ್ಲ; ಅದು ಮೇಲ್‌ನ ಜೊತೆಯಲ್ಲೇ ಬಂದು ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ಆಗಲೇ ಇದೆ. ದಿನನಿತ್ಯದ ಪರದೆಯು ಅದರೊಳಗಿನ ಯಾರಿಂದ, ಯಾರಿಗೆ, ವಿಷಯ, ದಿನಾಂಕ ಎಂಬ ನಾಲ್ಕು ಸಾಲುಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮರೆಮಾಡುತ್ತದೆ. ಕಳಿಸಿದವರಿಗೆ ಸುಳಿವು ಸಿಗುವುದಿದ್ದರೆ ಅದು ಹೆಡರ್‌ನಿಂದಲ್ಲ, ಮೇಲ್ ತೆರೆದಾಗ ತಾನಾಗಿ ಇಳಿದುಕೊಳ್ಳುವ ಚಿತ್ರಗಳಿಂದ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನದೇ ಸರ್ವರ್ ಮೂಲಕ ತರಿಸಿ ತೋರಿಸುತ್ತಿರುವುದರಿಂದ ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅವರಿಗೆ ಸಿಗುವುದಿಲ್ಲವಾದರೂ, ಮೇಲ್ ತೆರೆಯಲಾಗಿದೆ ಎಂಬಷ್ಟು ಗೊತ್ತಾಗಬಹುದು. ಅದೂ ಬೇಡವೆಂದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ, ಹೊರಗಿನ ಚಿತ್ರಗಳನ್ನು ತೋರಿಸುವ ಮೊದಲು ಕೇಳುವ ಆಯ್ಕೆಯನ್ನು ಗುರುತು ಮಾಡಿಕೊಳ್ಳಿ. ಹೆಡರ್ ಸಮೇತ ಮೂಲರೂಪ ತೆರೆದಾಗ ಚಿತ್ರದ ವಿಳಾಸವೂ ಬರಿಯ ಅಕ್ಷರವಾಗಿ ಕಾಣುತ್ತದೆಯೇ ಹೊರತು ಚಿತ್ರ ಇಳಿಯುವುದಿಲ್ಲ.

ಸ್ಪ್ಯಾಮ್ ಎಂದು ವರದಿ ಮಾಡುವುದು ಇದಕ್ಕೆ ಸಂಬಂಧವೇ ಇಲ್ಲದ ಬೇರೆ ಕ್ರಿಯೆ. ಆ ಗುಂಡಿ ಒತ್ತಿದಾಗ ಮೇಲ್ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತದೆ, ಅದರ ಒಂದು ನಕಲನ್ನು ಗೂಗಲ್ ವಿಶ್ಲೇಷಣೆಗೆ ತೆಗೆದುಕೊಳ್ಳಬಹುದು, ಮುಂದೆ ಅದೇ ವಿಳಾಸದಿಂದ ಬರುವುದನ್ನು ಅನುಮಾನದಿಂದ ನೋಡಲು ಅದೊಂದು ಕಾರಣವಾಗುತ್ತದೆ. ಯಾಹೂ ಮತ್ತು ಮೈಕ್ರೋಸಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮಲ್ಲಿ ನೋಂದಾಯಿಸಿಕೊಂಡ ಕಳುಹಿಸುವ ಸಂಸ್ಥೆಗಳಿಗೆ ಇಂತಹ ದೂರುಗಳ ಮಾಹಿತಿಯನ್ನು ತಲುಪಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿವೆ. ಕಳಿಸುವವರ ಮೇಲಿನ ದೂರುಗಳ ಪ್ರಮಾಣ ಶೇಕಡಾ 0.3ರ ಒಳಗಿರಬೇಕು, ಅಂದರೆ ಸಾವಿರಕ್ಕೆ ಮೂರನ್ನು ಮುಟ್ಟಬಾರದು ಎಂದು ಗೂಗಲ್ 2024ರಿಂದ ನಿಯಮ ಮಾಡಿದೆ. ತಿಂಗಳಿಗೆ ಹತ್ತಾರು ಬಿಲ್ಲು ಕಳಿಸುವ ಸಣ್ಣ ವ್ಯಾಪಾರಿಗೆ ಒಂದು ದೂರು ಸಹ ಸಣ್ಣದಲ್ಲ. ಹಾಗಾಗಿ ನಿಮ್ಮ ಅಳುಕು ಸರಿಯಾದದ್ದೇ. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಜಿಮೇಲ್‌ನ ಸ್ಪ್ಯಾಮ್ ಫೋಲ್ಡರ್‌ನಲ್ಲಿರುವ ಮೇಲ್ 30 ದಿನಗಳ ನಂತರ ತಾನಾಗಿ ಅಳಿಸಿಹೋಗುತ್ತದೆ. ಮೊದಲು ವರದಿ ಮಾಡಿ ಆಮೇಲೆ ನಿಧಾನವಾಗಿ ನೋಡೋಣವೆಂದರೆ, ನೋಡಲು ಏನೂ ಉಳಿದಿರುವುದಿಲ್ಲ.

ಇನ್ನು ತೆರೆಯುವ ಬಗೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನೊಳಗೆ ಹೋಗಿ, ಉತ್ತರಿಸುವ ಬಾಣದ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ. ಬರುವ ಪಟ್ಟಿಯಲ್ಲಿ 'ರಿಪೋರ್ಟ್ ಸ್ಪ್ಯಾಮ್' ಕೂಡ ಇರುತ್ತದೆ, ಕೈ ತಪ್ಪದಿರಲಿ. ನಿಮಗೆ ಬೇಕಾದದ್ದು 'ಶೋ ಒರಿಜಿನಲ್'. ಹೊಸ ಟ್ಯಾಬ್‌ನಲ್ಲಿ ಮೇಲೆ ಒಂದು ಸಣ್ಣ ಕೋಷ್ಟಕವೂ ಅದರ ಕೆಳಗೆ ಮೇಲ್‌ನ ಪೂರ್ತಿ ಮೂಲರೂಪವೂ ಕಾಣುತ್ತವೆ. ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಈ ಆಯ್ಕೆ ಇಲ್ಲ. ಫೋನೊಂದೇ ಇದ್ದರೆ ಬ್ರೌಸರ್‌ನಲ್ಲಿ 'ಡೆಸ್ಕ್‌ಟಾಪ್ ಸೈಟ್' ಗುರುತು ಮಾಡಿಕೊಂಡು ಜಿಮೇಲ್ ತೆರೆಯಬೇಕು, ಪರದಾಟವಾದರೂ ಕೆಲಸ ಆಗುತ್ತದೆ. ನಿಮ್ಮ ಕಚೇರಿಯಲ್ಲಿ ಬೇರೆಯವರು ಬೇರೆ ಮೇಲ್ ಬಳಸುತ್ತಿದ್ದರೆ: ಯಾಹೂನಲ್ಲಿ ಇದರ ಹೆಸರು 'ವ್ಯೂ ರಾ ಮೆಸೇಜ್', ವೆಬ್‌ನ ಔಟ್‌ಲುಕ್‌ನಲ್ಲಿ ಮೂರು ಚುಕ್ಕಿ, 'ವ್ಯೂ', ಆಮೇಲೆ 'ವ್ಯೂ ಮೆಸೇಜ್ ಸೋರ್ಸ್'. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಮೇಲ್ ಅನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆದು 'ಫೈಲ್', 'ಪ್ರಾಪರ್ಟೀಸ್'ಗೆ ಹೋದರೆ ಕೆಳಗಿನ ಪುಟ್ಟ ಚೌಕದಲ್ಲಿ ಹೆಡರ್ ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು ಒತ್ತಿದರೆ ಸಾಕು.

ತೆರೆದ ಮೇಲೆ ಗಾಬರಿಯಾಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ನಿಮಗೆ ಬೇಡದ್ದು. ಪ್ರತಿಯೊಂದು ಸರ್ವರ್ ಮೇಲ್ ಅನ್ನು ಪಡೆದಾಗ ತನ್ನದೊಂದು 'ರಿಸೀವ್ಡ್' ಸಾಲನ್ನು ಎಲ್ಲಕ್ಕಿಂತ ಮೇಲೆ ಸೇರಿಸುವುದರಿಂದ, ಮೇಲ್ ನಡೆದು ಬಂದ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ನಂಬಿಕೆಯ ಲೆಕ್ಕ ಉಲ್ಟಾ, ಮೇಲಿನಿಂದ ಕೆಳಕ್ಕೆ. ನಿಮ್ಮ ಸ್ವಂತ ಮೇಲ್ ಸೇವೆ ಬರೆದ ಸಾಲುಗಳನ್ನು ನಂಬಬಹುದು. ಅದರ ಕೆಳಗಿರುವ ಯಾವ ಸಾಲನ್ನಾದರೂ ಕಳಿಸಿದವನು ತಾನೇ ಟೈಪ್ ಮಾಡಿ ಸೇರಿಸಿರಬಹುದು. ಜಿಮೇಲ್‌ನಲ್ಲಿ ಈ ಗಡಿಯನ್ನು ಗುರುತಿಸುವುದು ಸುಲಭ. 'ಬೈ' ಎಂಬ ಪದದ ಮುಂದೆ 'ಎಂಎಕ್ಸ್ ಡಾಟ್ ಗೂಗಲ್ ಡಾಟ್ ಕಾಮ್' ಎಂದಿರುವ ರಿಸೀವ್ಡ್ ಸಾಲನ್ನು ಮೇಲಿನಿಂದ ಹುಡುಕುತ್ತಾ ಬನ್ನಿ. ಹೊರಗಿನಿಂದ ಗೂಗಲ್‌ನ ಬಾಗಿಲಿಗೆ ಮೇಲ್ ಬಂದು ನಿಂತ ಗಳಿಗೆಯ ದಾಖಲೆ ಅದು. ಆ ಸಾಲಿನಲ್ಲಿ 'ಫ್ರಮ್' ಎಂಬುದರ ಮುಂದಿನ ಹೆಸರು ಎದುರಿನ ಸರ್ವರ್ ತನ್ನ ಬಗ್ಗೆ ತಾನು ಹೇಳಿಕೊಂಡದ್ದು, ಅದಕ್ಕೆ ಬೆಲೆ ಕಡಿಮೆ. ಆವರಣದೊಳಗೆ 203.0.113.45 ಎಂಬಂತಹ ಸಂಖ್ಯೆ ಇರುತ್ತದಲ್ಲ, ಅದನ್ನು ಗೂಗಲ್ ತಾನೇ ಕಂಡು ಬರೆದದ್ದು. ಹಾಗೆಂದು ಆ ಐಪಿ ಹಿಡಿದು ಮೋಸಗಾರನ ಊರು ಹುಡುಕಲು ಹೊರಡಬೇಡಿ. ಸಾಮಾನ್ಯವಾಗಿ ಅದು ಅವನು ಬಳಸಿದ ಮೇಲ್ ಸೇವೆಯ ಸರ್ವರ್‌ನದ್ದಾಗಿರುತ್ತದೆ, ಅವನ ಮನೆಯದ್ದಲ್ಲ.

ಸಮಯದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಕಂಡು ಮೇಲ್ ಅಮೆರಿಕದಿಂದ ಬಂದಿದೆ ಎಂದು ತೀರ್ಮಾನಿಸುವವರು ಬಹಳ. ಗೂಗಲ್ ಬರೆಯುವ ಸಾಲುಗಳಲ್ಲಿ ಸಮಯದ ಕೊನೆಗೆ -0700 ಅಥವಾ -0800 ಎಂದಿರುತ್ತದೆ, ಅದು ಕ್ಯಾಲಿಫೋರ್ನಿಯಾದ ಗಡಿಯಾರ. ಬೆಳಿಗ್ಗೆ 10:30ಕ್ಕೆ ನಿಮಗೆ ಬಂದ ಮೇಲ್ ಅಲ್ಲಿನ ಬೇಸಿಗೆಯ ಲೆಕ್ಕದಲ್ಲಿ ಹಿಂದಿನ ದಿನದ 22:00 ಎಂದು ದಾಖಲಾಗಿರುತ್ತದೆ. ಅದರಲ್ಲಿ ಅನುಮಾನಪಡುವಂತಹದ್ದೇನೂ ಇಲ್ಲ.

ಈಗ ಮೇಲಿನ ಕೋಷ್ಟಕಕ್ಕೆ ಬರೋಣ. ಅದರಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳೂ ಅವುಗಳ ಮುಂದೆ 'ಪಾಸ್' ಅಥವಾ 'ಫೇಲ್' ಎಂಬ ಫಲಿತಾಂಶವೂ ಇರುತ್ತವೆ. ಮೊದಲನೆಯದು, ಆ ಐಪಿ ವಿಳಾಸಕ್ಕೆ ಆ ಡೊಮೇನ್ (ಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಹೆಸರು) ಪರವಾಗಿ ಮೇಲ್ ಕಳಿಸುವ ಅನುಮತಿ ಇದೆಯೇ ಎಂಬುದನ್ನು ನೋಡುತ್ತದೆ. ಎರಡನೆಯದು ಮೇಲ್ ಮೇಲಿನ ಡಿಜಿಟಲ್ ಸಹಿಯನ್ನು ಪರಿಶೀಲಿಸುತ್ತದೆ. ಇವೆರಡರಲ್ಲಿ ಒಂದಾದರೂ ನಿಮಗೆ ಕಾಣುವ 'ಫ್ರಮ್' ವಿಳಾಸದ ಡೊಮೇನ್‌ಗೆ ಹೊಂದುತ್ತದೆಯೇ ಎಂಬುದು ಮೂರನೆಯದು. ನನ್ನ ಅಭಿಪ್ರಾಯದಲ್ಲಿ 'ಪಾಸ್' ಎಂಬ ಪದಕ್ಕಿಂತ ಅದರ ಪಕ್ಕದಲ್ಲಿರುವ ಡೊಮೇನ್ ಹೆಸರು ಮುಖ್ಯ. ವ್ಯಾಪಾರಿಯ ಡೊಮೇನ್‌ನಲ್ಲಿರುವ ಇಂಗ್ಲಿಷ್ 'ಎಂ' ಅಕ್ಷರದ ಜಾಗದಲ್ಲಿ 'ಆರ್' ಮತ್ತು 'ಎನ್' ಅನ್ನು ಒತ್ತಾಗಿ ಬರೆದ ಹೊಸ ಡೊಮೇನ್ ಅನ್ನು ಮೋಸಗಾರನು ಕೊಂಡಿದ್ದರೆ, ಅದು ಅವನದೇ ಡೊಮೇನ್ ಆದ್ದರಿಂದ ಮೂರೂ ಪರೀಕ್ಷೆಗಳು ಸಲೀಸಾಗಿ ಪಾಸಾಗುತ್ತವೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಸ್ವಂತ ಡೊಮೇನ್ ಅನ್ನು, ಸಂಸ್ಥೆಗಳಿಗೆಂದು ಗೂಗಲ್ ಕೊಡುವ ವರ್ಕ್‌ಸ್ಪೇಸ್ ಸೇವೆಯಲ್ಲಿ ಇಟ್ಟುಕೊಂಡು, ಡಿಕಿಮ್ ಹೊಂದಿಸುವ ಗೋಜಿಗೇ ಹೋಗದ ಸಣ್ಣ ಸಂಸ್ಥೆಗಳ ಮೇಲ್‌ನಲ್ಲಿ ಸಹಿಯ ಡೊಮೇನ್ 'ಜಿಆಪ್ಸ್‌ಎಸ್‌ಎಂಟಿಪಿ ಡಾಟ್ ಕಾಮ್' ಎಂದು ಮುಗಿಯುತ್ತದೆ. ನೋಡಲು ಅಪರಿಚಿತವಾದರೂ ಅದು ಗೂಗಲ್ ತಾನಾಗಿ ಹಾಕುವ ಸಹಿ. ಅಷ್ಟರಿಂದಲೇ ಮೇಲ್ ಸುಳ್ಳೆಂದು ಹೇಳಲಾಗದು.

ಆದ್ದರಿಂದ ನಾನು ಇಂತಹ ಮೇಲ್ ಪರಿಶೀಲಿಸುವಾಗ ಒಂದೇ ಮೇಲ್‌ನ ಹೆಡರ್ ನೋಡಿ ತೀರ್ಮಾನಿಸುವುದಿಲ್ಲ. ಅದೇ ವ್ಯಾಪಾರಿಯಿಂದ ಹಿಂದೆ ಬಂದ, ಹಣ ಸರಿಯಾಗಿ ತಲುಪಿದ ಒಂದು ಹಳೆಯ ಬಿಲ್ಲಿನ ಮೇಲ್ ಹುಡುಕಿ, ಅದರ ಮೂಲರೂಪವನ್ನೂ ಇನ್ನೊಂದು ಟ್ಯಾಬ್‌ನಲ್ಲಿ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. 'ಫ್ರಮ್' ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. 'ರಿಟರ್ನ್-ಪಾತ್', ಅಂದರೆ ತಲುಪದ ಮೇಲ್ ಹಿಂತಿರುಗುವ ವಿಳಾಸ, ಎರಡರಲ್ಲೂ ಒಂದೇ ಡೊಮೇನ್‌ನದ್ದೇ? ಹಳೆಯದರಲ್ಲಿ ಇಲ್ಲದ 'ರಿಪ್ಲೈ-ಟು' ಸಾಲು ಹೊಸದರಲ್ಲಿ ಬಂದಿದೆಯೇ? ಬಂದಿದ್ದು ಅದು ಬೇರೆ ವಿಳಾಸಕ್ಕೆ ತಿರುಗಿದ್ದರೆ, ನೀವು ಉತ್ತರ ಬರೆದಾಗ ಅದು ವ್ಯಾಪಾರಿಗೆ ಹೋಗದೆ ಮೂರನೆಯವನ ಕೈ ಸೇರುತ್ತದೆ. ಖಾತೆ ಬದಲಾವಣೆಯ ಮೋಸಗಳಲ್ಲಿ ಇದು ಬಹಳ ಸಾಮಾನ್ಯವಾದ ತಂತ್ರ. ಪ್ರತಿ ಮೇಲ್‌ನ ಗುರುತಾದ 'ಮೆಸೇಜ್-ಐಡಿ'ಯಲ್ಲಿ ಅಟ್ ಚಿಹ್ನೆಯ ನಂತರದ ಭಾಗವೂ ಎರಡರಲ್ಲಿ ಒಂದೇ ತೆರನಾಗಿರುವುದು ವಾಡಿಕೆ. ಇಷ್ಟು ವರ್ಷ ಒಂದೇ ಸೇವೆಯಿಂದ ಬರುತ್ತಿದ್ದ ಮೇಲ್ ಈ ಒಂದು ಸಲ ಮಾತ್ರ ಬೇರೆಲ್ಲಿಂದಲೋ ಬಂದಿದ್ದರೆ ಹಣ ಕಳಿಸುವುದನ್ನು ತಡೆಹಿಡಿಯಲು ಅಷ್ಟು ಸಾಕು.

ಕನ್ನಡದಲ್ಲಿ ವ್ಯವಹರಿಸುವವರಿಗೆ ಎದುರಾಗುವ ಒಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಷಯದ ಸಾಲು ಕನ್ನಡದಲ್ಲಿದ್ದರೆ ಮೂಲರೂಪದಲ್ಲಿ ಅದು ಕನ್ನಡವಾಗಿ ಕಾಣದೆ, 'ಯುಟಿಎಫ್-8' ಎಂಬ ಗುರುತಿನ ನಂತರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ವೈರಸ್ ಇರಬಹುದೆಂದು ಹೆದರಿ ಟ್ಯಾಬ್ ಮುಚ್ಚುವವರಿದ್ದಾರೆ. ಇಮೇಲ್ ಹೆಡರ್ ಮೂಲತಃ ಇಂಗ್ಲಿಷ್ ಅಕ್ಷರಗಳಿಗೆಂದೇ ಆದದ್ದರಿಂದ, ಉಳಿದ ಲಿಪಿಗಳನ್ನು ಬೇಸ್64 ಎಂಬ ಸಂಕೇತಕ್ಕೆ ತಿರುಗಿಸಿ ಕಳಿಸುವ ಪದ್ಧತಿ ಇದೆ, ಅಷ್ಟೇ. ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಬೇಸ್64 ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರವಾಗಿಸುತ್ತದೆ. ಹೀಗಾಗಿ ಸಾಲು ಕನ್ನಡದಿಂದಲೇ ಶುರುವಾದರೆ, ಮೊದಲ ಪದದಲ್ಲಿ '4', 'ಎಲ್', 'ಕೆ' ಅಥವಾ '4', 'ಎಲ್', 'ಓ' ಎಂಬ ಮೂರರ ಗುಂಪು ನಾಲ್ಕು ನಾಲ್ಕು ಅಕ್ಷರಕ್ಕೊಮ್ಮೆ ಮರಳಿ ಮರಳಿ ಬರುತ್ತದೆ. 'ಕ' ಅಕ್ಷರವೊಂದೇ ಆದರೆ ಅದು '4', 'ಎಲ್', 'ಕೆ', 'ವಿ'. ಇದನ್ನು ಕಂಡರೆ ಅದು ಕನ್ನಡವೆಂದು ತಿಳಿದು ಮುಂದೆ ಸಾಗಿ.

ಹೆಡರ್ ಅನ್ನು ಬಿಡಿಸಿ ತೋರಿಸುವ ಉಪಕರಣಗಳೂ ಇವೆ. ಗೂಗಲ್‌ನ ಅಡ್ಮಿನ್ ಟೂಲ್‌ಬಾಕ್ಸ್‌ನಲ್ಲಿರುವ 'ಮೆಸೇಜ್‌ಹೆಡರ್'ಗೆ ಹೆಡರ್ ಅಂಟಿಸಿದರೆ, ಯಾವ ಸರ್ವರ್‌ನಿಂದ ಯಾವುದಕ್ಕೆ ಎಷ್ಟು ಹೊತ್ತಿನಲ್ಲಿ ಹೋಯಿತು ಎಂಬುದನ್ನು ಕೋಷ್ಟಕವಾಗಿ ಕೊಡುತ್ತದೆ. ಮೈಕ್ರೋಸಾಫ್ಟ್‌ನದ್ದೂ ಇಂತಹದ್ದೊಂದು ಇದೆ. ಇವು ವಿಶ್ಲೇಷಣೆಯ ಉಪಕರಣಗಳು, ಇವುಗಳಲ್ಲಿ ಅಂಟಿಸಿದ ಮಾತ್ರಕ್ಕೆ ಯಾರ ಮೇಲೂ ದೂರು ದಾಖಲಾಗುವುದಿಲ್ಲ. ಆದರೆ ಸ್ಪ್ಯಾಮ್‌ಕಾಪ್‌ನ ಉದ್ದೇಶವೇ ಬೇರೆ: ಅದು ದೂರು ಕಳಿಸಲೆಂದೇ ಇರುವ ಸೇವೆ, ವಿಶ್ಲೇಷಣೆ ಅದರ ಮೊದಲ ಹಂತ ಮಾತ್ರ. ದೂರು ಬೇಡವೆನ್ನುವ ನಿಮಗೆ ಆ ಕಡೆ ಹೋಗುವ ಅಗತ್ಯವಿಲ್ಲ. ಎಲ್ಲಿ ಅಂಟಿಸಿದರೂ ಮೊದಲ ಖಾಲಿ ಸಾಲಿನವರೆಗಿನ ಭಾಗವನ್ನಷ್ಟೇ ಅಂಟಿಸಿ. ಹೆಡರ್ ಮುಗಿಯುವುದು ಅಲ್ಲಿಗೇ. ಅದರ ಕೆಳಗಿನದು ಪತ್ರದ ಒಡಲು, ಅದರಲ್ಲಿ ನಿಮ್ಮ ಬಿಲ್ಲು, ಖಾತೆಯ ವಿವರ ಎಲ್ಲವೂ ಇರುತ್ತದೆ.

ಇಷ್ಟಾಗಿಯೂ ಹೆಡರ್‌ನಿಂದ ತಿಳಿಯಲಾಗದ ಒಂದು ಸಂದರ್ಭವಿದೆ, ಅದು ನಿಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ವ್ಯಾಪಾರಿಯ ಪಾಸ್‌ವರ್ಡ್ ಕದ್ದು, ಅವರದೇ ಮೇಲ್ ಖಾತೆಯೊಳಗೆ ಕುಳಿತು ಯಾರಾದರೂ ಬರೆದಿದ್ದರೆ, ಹಳೆಯ ಹೆಡರ್‌ಗೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣದಿರಬಹುದು. ಹೆಡರ್ ಕೆಟ್ಟಿದ್ದರೆ ಮೇಲ್ ಸಂಶಯಾಸ್ಪದವೆಂದು ಹೇಳಬಹುದು; ಹೆಡರ್ ಚೆನ್ನಾಗಿದೆಯೆಂದು ಖಾತೆಯ ಸಂಖ್ಯೆ ನಿಜವೆಂದು ಹೇಳಲಾಗದು. ಹಾಗಾಗಿ ಫಲಿತಾಂಶ ಏನೇ ಇರಲಿ, ಆ ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗಲ್ಲ, ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಂಬರಿಗೆ ಕರೆ ಮಾಡಿ ಕೇಳಿ. ಖಾತೆ ಬದಲಿಸಿದವರು ಬೇಸರಪಟ್ಟುಕೊಳ್ಳುವುದಿಲ್ಲ.

ಕರೆಗೆ ಮೊದಲೋ ನಂತರವೋ, 'ಶೋ ಒರಿಜಿನಲ್' ಪುಟದಲ್ಲಿರುವ 'ಡೌನ್‌ಲೋಡ್ ಒರಿಜಿನಲ್' ಒತ್ತಿ ಮೇಲ್ ಅನ್ನು ಕಡತವಾಗಿ ಉಳಿಸಿಕೊಳ್ಳಿ. ಬೇರೆಯವರಿಗೆ ತೋರಿಸಬೇಕಾದರೆ ಸಾಮಾನ್ಯ ಫಾರ್ವರ್ಡ್ ಮಾಡಬೇಡಿ, ಅದರಲ್ಲಿ ಮೂಲ ಹೆಡರ್ ಹೋಗಿ ನಿಮ್ಮದೇ ಹೊಸ ಹೆಡರ್ ಕೂರುತ್ತದೆ. 'ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್' ಮಾಡಿದರೆ ಎಲ್ಲವೂ ಹಾಗೆಯೇ ಉಳಿಯುತ್ತದೆ. ಸ್ಕ್ರೀನ್‌ಶಾಟ್ ಇದಕ್ಕೆ ಬದಲಿಯಲ್ಲ. ಹಣ ಆಗಲೇ ಹೋಗಿದ್ದರೆ ಇದಾವುದಕ್ಕೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಕರ್ನಾಟಕದಲ್ಲಿದ್ದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡುವಾಗ ಉಳಿಸಿಕೊಂಡ ಆ ಕಡತವನ್ನೇ ಒಯ್ಯಿರಿ. ಮೇಲ್ ಮೋಸದ್ದೆಂದು ವ್ಯಾಪಾರಿಯ ಬಾಯಿಂದಲೇ ಖಚಿತವಾದ ಮೇಲೆ, ಅದು ಬಂದದ್ದು ಅವರ ನಿಜವಾದ ವಿಳಾಸದಿಂದಲ್ಲದಿದ್ದರೆ, ಮೂರು ಚುಕ್ಕಿಗಳ ಅದೇ ಪಟ್ಟಿಯಲ್ಲಿರುವ 'ರಿಪೋರ್ಟ್ ಫಿಶಿಂಗ್' ಅನ್ನು ಒತ್ತಬಹುದು. ಅವರದೇ ಖಾತೆಯಿಂದ ಬಂದಿದ್ದರೆ ವರದಿ ಬೇಡ. ಪಾಸ್‌ವರ್ಡ್ ಬದಲಿಸಿ, ಖಾತೆಯಲ್ಲಿ ಯಾರಾದರೂ ಫಾರ್ವರ್ಡಿಂಗ್ ಅಥವಾ ಫಿಲ್ಟರ್ ಹಾಕಿದ್ದಾರೆಯೇ ನೋಡಿ ಎಂದು ಅವರಿಗೆ ಅದೇ ಕರೆಯಲ್ಲಿ ಹೇಳಿ.